ಕರಪತ್ರದ ಮೂರು ಭರವಸೆ

(ನಗರಾಡಳಿತ, ಗುತ್ತಿಗೆ, ಸಾರ್ವಜನಿಕ ನೌಕರಿ ಕುರಿತ ಓದುಗರ ಪ್ರಶ್ನೆಗಳಿಗೆ ನಿವೃತ್ತ ಲೆಕ್ಕ ಅಧೀಕ್ಷಕಿಯೊಬ್ಬರ ಉತ್ತರ)

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾತೆ ಬದಲಾವಣೆಯ ಗೋಳು. ಅವನ್ನೆಲ್ಲ ಮುಂದಿನ ಸಂಚಿಕೆಗೆ ತೆಗೆದಿಟ್ಟಿದ್ದೇನೆ. ಖಾತೆಯ ಗೋಳು ಒಂದು ತಿಂಗಳಲ್ಲಿ ಎಲ್ಲಿಗೂ ಓಡಿಹೋಗುವುದಿಲ್ಲ. ಮಂಡ್ಯ ಜಿಲ್ಲೆಯಿಂದ ಬಂದ ಒಂದು ಪತ್ರ ಮಾತ್ರ ಎರಡು ದಿನ ನನ್ನ ಮೇಜಿನ ಮೇಲಿಂದ ಏಳಲೇ ಇಲ್ಲ. ಈ ಪುಟದ ಬಹುಪಾಲು ಅದಕ್ಕೇ ಹೋಗಿದೆ. ಉಳಿದವರು ಕ್ಷಮಿಸಬೇಕು.

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 34 ವರ್ಷ, ಊರಿನಲ್ಲಿ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಬರುವ ಚುನಾವಣೆಯಲ್ಲಿ ಪುರಸಭೆಗೆ ನಿಲ್ಲಬೇಕೆಂದಿದ್ದೇನೆ. ಗೆದ್ದರೆ ಮೊದಲ ಸಭೆಯಲ್ಲೇ ಮೂರು ಕಾನೂನು ತರುತ್ತೇನೆ ಎಂದು ಕರಪತ್ರದಲ್ಲಿ ಬರೆದಿದ್ದೇನೆ. ಒಂದು, ವಾರ್ಡಿನ ಕಾಮಗಾರಿಯೆಲ್ಲ ವಾರ್ಡಿನ ಗುತ್ತಿಗೆದಾರರಿಗೇ, ಟೆಂಡರಿನ ರಗಳೆ ಇಲ್ಲದೆ. ಎರಡು, ಕಸ ಎಸೆಯುವವರ ಫೋಟೊ ಯಾರು ತೆಗೆದು ಕಳುಹಿಸಿದರೂ ಅದೇ ಸಾಕ್ಷ್ಯ, ಅದರ ಮೇಲೆಯೇ ದಂಡ. ಮೂರು, ಹೊರಗುತ್ತಿಗೆಯಲ್ಲಿ ದುಡಿಯುತ್ತಿರುವ ಎಲ್ಲರೂ ಕಾಯಂ. ಅಚ್ಚಿಗೆ ಕೊಡುವ ಮೊದಲು ನೀವೊಮ್ಮೆ ಕಣ್ಣಾಡಿಸಿದರೆ ಉಪಕಾರ. — ಹೆಸರು ಬೇಡ, ಮಂಡ್ಯ ಜಿಲ್ಲೆ

ಉತ್ತರ: ಅಚ್ಚಿಗೆ ಕೊಡುವ ಮೊದಲು ಕೇಳಿದ್ದೀರಿ. ಸಾಮಾನ್ಯವಾಗಿ ಗೆದ್ದ ಮೇಲೆ ಕೇಳುತ್ತಾರೆ.

ಮೊದಲು ಒಂದು ಪದ ತಿದ್ದಿ. ಪುರಸಭೆ ಮಾಡುವುದು ನಿರ್ಣಯ. ಹಳಬರು ಠರಾವು ಎನ್ನುತ್ತಿದ್ದರು. ಊರಿಗೆಲ್ಲ ಅನ್ವಯಿಸುವ ಕಟ್ಟುಪಾಡು ಬೇಕೆಂದರೆ ಅದಕ್ಕೆ ಉಪವಿಧಿ ಮಾಡಬೇಕು. ಕಚೇರಿಯಲ್ಲಿ ನಾವು ಅದನ್ನು ಬೈಲಾ ಎನ್ನುತ್ತಿದ್ದೆವು. ಅದರ ಕರಡು ಪ್ರಕಟಿಸಿ, ಜನರ ಆಕ್ಷೇಪಣೆ ಕರೆದು, ಸಭೆಯ ಮುಂದಿಟ್ಟು, ಸರ್ಕಾರದ ಮಂಜೂರಾತಿಗೆ ಕಳುಹಿಸಬೇಕು. ಮಂಜೂರಾಗಿ ಬರುವ ತನಕ ಅದಕ್ಕೆ ಜೀವವಿಲ್ಲ. ನಿಮ್ಮ ಊರನ್ನು ಆಳುವುದು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ. ನಾನಿರುವ ಮೈಸೂರಿನಂಥ ಪಾಲಿಕೆಗಳಿಗೆ 1976ರ ಅಧಿನಿಯಮ ಬೇರೆ ಇದೆ. ಎರಡರಲ್ಲೂ ಸಭೆಯ ಮೂಗುದಾರ ಮೇಲಿನವರ ಕೈಯಲ್ಲಿದೆ. ಪುರಸಭೆಯ ನಿರ್ಣಯ ಕಾನೂನು ಮೀರಿದ್ದರೆ ಜಿಲ್ಲಾಧಿಕಾರಿ ಅದನ್ನು ತಡೆಹಿಡಿಯಬಹುದು. ಮೇಜು ಕುಟ್ಟಿ ಅಂಗೀಕರಿಸಿದ ನಿರ್ಣಯ ಮೂರು ವಾರದಲ್ಲಿ ಒಂದೂವರೆ ಸಾಲಿನ ಪತ್ರ ಹೊತ್ತು ವಾಪಸು ಬಂದಾಗ, ಅದನ್ನು ಕಡತಕ್ಕೆ ಸೇರಿಸಿ ದಾರ ಬಿಗಿದವಳು ನಾನು. ಆ ಮೇಜು ಕುಟ್ಟಿದವರಲ್ಲಿ ಯಾರೊಬ್ಬರೂ ಆ ಪತ್ರವನ್ನು ಕೇಳಿಕೊಂಡು ಬರಲಿಲ್ಲ.

ಈಗ ನಿಮ್ಮ ಮೊದಲನೆಯ ಭರವಸೆ. ಇದನ್ನು ಹೊಡೆದುಹಾಕಿ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಎಂಬುದೊಂದಿದೆ. ಗುತ್ತಿಗೆದಾರರ ಬಾಯಲ್ಲಿ ಅದು ಕೆ.ಟಿ.ಪಿ.ಪಿ. 2000ದ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸಣ್ಣ ಮೊತ್ತಕ್ಕೂ ಕಾಯ್ದೆಯೇ ಹೇಳಿದ ಕೆಲವು ಸಂದರ್ಭಗಳಿಗೂ ವಿನಾಯಿತಿ ಕೊಟ್ಟು, ಉಳಿದದ್ದಕ್ಕೆಲ್ಲ ಟೆಂಡರ್ ಕಡ್ಡಾಯ ಮಾಡಿದೆ. ಅಲ್ಲಿಯ ವಿನಾಯಿತಿಗೆ ನಿಮ್ಮ ಪುರಸಭೆ ಒಂದು ಸಾಲನ್ನೂ ಸೇರಿಸುವಂತಿಲ್ಲ. ವಾರ್ಡಿನ ಮತದಾರರ ಪಟ್ಟಿಯಲ್ಲಿ ಹೆಸರಿದೆ ಎಂಬುದು ಗುತ್ತಿಗೆದಾರನ ಅರ್ಹತೆಯಾಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಶೇ. 17.15 ಮತ್ತು ಶೇ. 6.95 ಮೀಸಲು ಇರುವುದು ಶಾಸನಸಭೆ ಕಾಯ್ದೆ ತಿದ್ದಿದ್ದರಿಂದ. ಮೊದಲು 50 ಲಕ್ಷ ರೂಪಾಯಿ ವರೆಗಿನ ಕಾಮಗಾರಿಗಳಿಗಿದ್ದ ಆ ಮೀಸಲಾತಿ 2023ರಲ್ಲಿ 1 ಕೋಟಿಯವರೆಗೆ ವಿಸ್ತರಿಸಿತು. 2025ರ ಮಾರ್ಚ್‌ನಲ್ಲಿ ಎರಡೂ ಸದನಗಳು ಇನ್ನೊಂದು ತಿದ್ದುಪಡಿಯನ್ನು ಅಂಗೀಕರಿಸಿದಾಗ ರಾಜ್ಯಪಾಲರು ಅದನ್ನು ರಾಷ್ಟ್ರಪತಿಗೆ ಕಾಯ್ದಿರಿಸಿದರು. ವಿಧಾನಸೌಧದಿಂದ ಹೊರಟ ಗುತ್ತಿಗೆಯ ಮಸೂದೆಗೇ ದೆಹಲಿಯ ದಾರಿ. ನಿಮ್ಮ ಪುರಸಭೆಯ ಠರಾವು ಎಷ್ಟು ದೂರ ನಡೆದೀತು?

‘ಹಾಗಾದರೆ ಸಣ್ಣ ಸಣ್ಣದಾಗಿ ಮಾಡಿ ಟೆಂಡರ್ ಮಿತಿಯ ಕೆಳಗೆ ಇಟ್ಟುಕೊಳ್ಳುತ್ತೇವೆ’ ಎಂದು ನಿಮಗೆ ಯಾರೋ ಕಿವಿಯಲ್ಲಿ ಹೇಳುತ್ತಾರೆ. ಹೇಳಿಯೂ ಆಗಿರಬಹುದು. ಒಂದೇ ರಸ್ತೆ. ಕಡತದಲ್ಲಿ ಅದು ‘ಮಾರಮ್ಮನ ಗುಡಿಯಿಂದ ಹಾಲಿನ ಬೂತಿನವರೆಗೆ’, ‘ಹಾಲಿನ ಬೂತಿನಿಂದ ಟ್ರಾನ್ಸ್‌ಫಾರ್ಮರ್‌ವರೆಗೆ’, ‘ಟ್ರಾನ್ಸ್‌ಫಾರ್ಮರ್‌ನಿಂದ ಮುಂದಕ್ಕೆ’ ಎಂದು ಮೂರು ಕಾಮಗಾರಿ. ಮೂರಕ್ಕೂ ಅಂದಾಜು ಪಟ್ಟಿ ಬೇರೆ, ಕೈಬರಹ ಒಂದೇ. ಲೆಕ್ಕಪರಿಶೋಧನೆಗೆ ಬಂದವರು ಊಟಕ್ಕೆ ಏಳುವ ಮೊದಲೇ ಇದನ್ನು ಹಿಡಿಯುತ್ತಾರೆ. ಆಕ್ಷೇಪಣೆಯ ಕಂಡಿಕೆ ಬರೆದು ಹೋಗುತ್ತಾರೆ. ಆಮೇಲೆ ಹತ್ತು ವರ್ಷ ಅದಕ್ಕೆ ಉತ್ತರ ಬರೆಯುವವಳು ನನ್ನಂಥ ಗುಮಾಸ್ತೆ.

ನಿಮ್ಮ ಸಿಟ್ಟು ಇರುವುದು ಟೆಂಡರ್ ಮೇಲಲ್ಲ, ಕೆಲಸ ಕೆಡುವುದರ ಮೇಲೆ ಎಂದು ನಿಮ್ಮ ಪತ್ರದ ಎರಡನೆಯ ಪುಟ ಓದಿದಾಗ ಅನಿಸಿತು. (ಅದನ್ನು ಇಲ್ಲಿ ಪೂರ್ತಿ ಅಚ್ಚು ಮಾಡಿಲ್ಲ, ಹೆಸರುಗಳಿವೆ.) ಹಾಗಿದ್ದರೆ ಟೆಂಡರ್ ಪೆಟ್ಟಿಗೆಯನ್ನು ಬಿಟ್ಟು ಅಳತೆ ಪುಸ್ತಕದ ಕಡೆ ತಿರುಗಿ. ಎಂಜಿನಿಯರುಗಳು ಎಂ.ಬಿ. ಎನ್ನುತ್ತಾರೆ. ಪುಟಕ್ಕೆ ಸಂಖ್ಯೆ ಹಾಕಿದ, ಹಾಳೆ ಹರಿಯುವಂತಿಲ್ಲದ ಪುಸ್ತಕ. ಕೆಲಸ ಎಷ್ಟಾಗಿದೆ ಎಂದು ಸ್ಥಳದಲ್ಲಿ ಅಳೆದು ಅದರಲ್ಲಿ ಬರೆದರೆ ಮಾತ್ರ ಬಿಲ್ಲು. ಇಡೀ ಗುತ್ತಿಗೆಯ ಪ್ರಾಣ ಇರುವುದು ಅದರ ನಾಲ್ಕು ಕಾಲಂಗಳಲ್ಲಿ: ಸಂಖ್ಯೆ, ಉದ್ದ, ಅಗಲ, ದಪ್ಪ. ಉದ್ದ ಅಗಲ ಸುಳ್ಳು ಬರೆದರೆ ದಾರಿಹೋಕನೂ ಹಿಡಿಯುತ್ತಾನೆ. ದಪ್ಪ ನೆಲದೊಳಗೆ ಇರುವುದರಿಂದ ಎಲ್ಲ ಆಟವೂ ಅಲ್ಲೇ. 180 ಮೀಟರ್ ಉದ್ದ, 6 ಮೀಟರ್ ಅಗಲದ ರಸ್ತೆಗೆ 40 ಮಿಲಿಮೀಟರ್ ಡಾಂಬರು ಪದರ ಎಂದರೆ 43.2 ಘನ ಮೀಟರ್. ಹಾಕಿದ್ದು 25 ಮಿಲಿಮೀಟರ್ ಆದರೆ ಬರೀ 27. ನಡುವಿನ 16.2 ಘನ ಮೀಟರ್ ಸುಮಾರು 38 ಟನ್ ತೂಗುತ್ತದೆ. ಹತ್ತು ಟನ್ನಿನ ಟಿಪ್ಪರ್ ಲೆಕ್ಕದಲ್ಲಿ ಸುಮಾರು ನಾಲ್ಕು ಟಿಪ್ಪರ್ ಡಾಂಬರು ರಸ್ತೆಗೆ ಬರದೆ ಬಿಲ್ಲಿಗೆ ಬಂದಿದೆ. ಹದಿನೈದು ಮಿಲಿಮೀಟರ್ ಎಂದರೆ ನಿಮ್ಮ ಕಿರುಬೆರಳಿನ ದಪ್ಪಕ್ಕಿಂತ ಕೊಂಚ ಹೆಚ್ಚು.

ನಾನು ಕೆಲಸ ಮಾಡುತ್ತಿದ್ದ ಒಂದು ಊರಿನಲ್ಲಿ (ಊರಿನ ಹೆಸರು ಬೇಡ) ಇಂಥದೇ ಒಂದು ಬಿಲ್ಲು ದಸರಾ ಮುಗಿದ ವಾರ ನನ್ನ ಮೇಜಿಗೆ ಬಂತು. ಅಂಕಿಗಳೆಲ್ಲ ಸರಿಯಾಗಿದ್ದವು, ಗುಣಾಕಾರವೂ ಸರಿ, ಸಹಿಗಳೂ ಸರಿ. ಅಳತೆ ತೆಗೆದ ದಿನಾಂಕದ ಮೇಲೆ ಕಣ್ಣು ನಿಂತಿತು. ಅದು ಆಯುಧಪೂಜೆಯ ದಿನ. ಹಿಂದಿನ ಸಂಜೆ ನಾವೇ ಕಚೇರಿಯ ರೋಡ್ ರೋಲರಿಗೆ ಬಾಳೆಕಂದು ಕಟ್ಟಿದ್ದೆವು. ಟೈಪ್‌ರೈಟರ್, ಕಪಾಟಿನ ಬೀಗ, ಅಳತೆಯ ಟೇಪು, ಆ ಎಂ.ಬಿ. ಪುಸ್ತಕ ಎಲ್ಲವನ್ನೂ ಒಂದು ಮೇಜಿನ ಮೇಲೆ ಸಾಲಾಗಿಟ್ಟು ಅರಿಶಿನ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಪುರಿ ಹಂಚಿ ಮನೆಗೆ ಹೋಗಿದ್ದೆವು. ಪೂಜೆಗಿಟ್ಟ ಆಯುಧವನ್ನು ಆ ದಿನ ಯಾರೂ ಮುಟ್ಟುವುದಿಲ್ಲ. ಪುಸ್ತಕದ ರಟ್ಟಿನ ಮೇಲೆ ಕುಂಕುಮ ಇನ್ನೂ ಹಸಿಯಾಗಿ ಕಾಣುವಂತಿತ್ತು. ಕಿರಿಯ ಎಂಜಿನಿಯರ್‌ ಅವರನ್ನು ಕರೆದು, ‘ಟೇಪು ದೇವರ ಮುಂದೆ ಇತ್ತಲ್ಲ, ನೀವು ಯಾವುದರಲ್ಲಿ ಅಳೆದಿರಿ?’ ಎಂದು ಕೇಳಿದೆ. ‘ದಿನಾಂಕ ತಪ್ಪಾಗಿ ಬಿದ್ದಿದೆ ಮೇಡಂ’ ಎಂದರು. ‘ಹಾಗಾದರೆ ಸರಿಯಾದ ದಿನಾಂಕಕ್ಕೆ ಮತ್ತೊಮ್ಮೆ ಅಳೆಯೋಣ’ ಎಂದು ಟಿಪ್ಪಣಿ ಬರೆದೆ. ಮೂರು ಕಡೆ ಅಗೆದು ನೋಡಿದರು. ಬಿಲ್ಲು ಇಳಿಯಿತು. ನನಗೆ ಜನನ ಮರಣ ವಿಭಾಗಕ್ಕೆ ವರ್ಗವಾಯಿತು. ಅದೂ ಒಳ್ಳೆಯ ವಿಭಾಗವೇ. ಅಲ್ಲಿ ಯಾರೂ ಇಲ್ಲದ ದಪ್ಪ ತೋರಿಸುವುದಿಲ್ಲ.

ಅದಕ್ಕೇ ನಿಮ್ಮ ಕರಪತ್ರದ ಮೊದಲ ಸಾಲನ್ನು ಹೀಗೆ ಬದಲಿಸಬಹುದು: ‘ನಮ್ಮ ವಾರ್ಡಿನ ಪ್ರತಿ ಕಾಮಗಾರಿಯ ಅಂದಾಜು ಪಟ್ಟಿ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪುಟದ ನಕಲನ್ನು ಬಿಲ್ಲು ಪಾವತಿಗೆ ಮೊದಲು ಪುರಸಭೆಯ ಫಲಕದಲ್ಲಿ ಹಚ್ಚಬೇಕೆಂದು ನಿರ್ಣಯ ಮಂಡಿಸುತ್ತೇನೆ.’ ಇದಕ್ಕೆ ಸರ್ಕಾರದ ಮಂಜೂರಾತಿ ಬೇಕಿಲ್ಲ, ಯಾವ ಕಾಯ್ದೆಗೂ ಅಡ್ಡ ಬರುವುದಿಲ್ಲ. ಮತ ತರುತ್ತದೆಯೇ ಎಂದರೆ, ಅದು ನನ್ನ ವಿಭಾಗವಲ್ಲ.

ಎರಡನೆಯದು, ಫೋಟೊ. ಯಾವುದು ಸಾಕ್ಷ್ಯ, ಯಾವುದಲ್ಲ ಎಂದು ಹೇಳುವುದು ಪುರಸಭೆಯ ಕೆಲಸವೇ ಅಲ್ಲ. ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿ ಸಾಕ್ಷ್ಯ 12ನೆಯ ನಮೂದು. ಸಂಸತ್ತು ಅದಕ್ಕೆ ಕಾಯ್ದೆ ಮಾಡಿಟ್ಟಿದೆ. 1872ರ ಹಳೆಯ ಸಾಕ್ಷ್ಯ ಕಾಯ್ದೆ ಹೋಗಿ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಮೊಬೈಲಿನ ಚಿತ್ರದ ನಕಲನ್ನು ನ್ಯಾಯಾಲಯದ ಮುಂದಿಡಬೇಕಾದರೆ ಅದರ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಒಂದು ಭಾಗವನ್ನು ಚಿತ್ರ ಒದಗಿಸುವವರು, ಇನ್ನೊಂದನ್ನು ತಜ್ಞರು ತುಂಬಬೇಕು. ಕಡತ ತಿದ್ದಿಲ್ಲ ಎಂದು ತೋರಿಸುವ ಹ್ಯಾಶ್ ಮೌಲ್ಯವನ್ನೂ ಅದರಲ್ಲಿ ಬರೆಯಬೇಕು. ಹೆಬ್ಬೆಟ್ಟಿನ ಗುರುತಿನ ಹಾಗೆ, ಚಿತ್ರದಲ್ಲಿ ಒಂದು ಚುಕ್ಕೆ ಬದಲಾದರೂ ಆ ಅಂಕಿ ಬದಲಾಗುತ್ತದೆ. ಚಿತ್ರ ತೆಗೆದ ಮೊಬೈಲನ್ನೇ ಅದರ ಒಡೆಯ ತಂದು ಹಾಜರುಪಡಿಸಿದರೆ ಆ ಪ್ರಮಾಣಪತ್ರ ಬೇಡ ಎಂದು ಹಳೆಯ ಕಾಯ್ದೆಯ ಕಾಲದಲ್ಲಿ, 2020ರಲ್ಲಿ, ಸುಪ್ರೀಂ ಕೋರ್ಟ್ ಹೇಳಿತ್ತು. ಕಸದ ದಂಡಕ್ಕೆ ಮೊಬೈಲ್ ಒಪ್ಪಿಸುವವರು ನಿಮ್ಮ ವಾರ್ಡಿನಲ್ಲಿ ಎಷ್ಟು ಮಂದಿ?

ಸ್ಥಳದಲ್ಲೇ ತಪ್ಪೊಪ್ಪಿ ದಂಡ ಕಟ್ಟಿ ರಸೀದಿ ಪಡೆದವರ ವಿಷಯದಲ್ಲಿ ಇದಾವುದೂ ಏಳುವುದಿಲ್ಲ. ‘ಕಟ್ಟುವುದಿಲ್ಲ, ಏನು ಮಾಡುತ್ತೀರೋ ಮಾಡಿ’ ಎಂದವನ ವಿಷಯದಲ್ಲಿ ಎಲ್ಲವೂ ಏಳುತ್ತದೆ. ಅವನ ವಕೀಲರು ಕೇಳುವ ಮೊದಲ ಪ್ರಶ್ನೆಯನ್ನು ನಾನೇ ಕೇಳುತ್ತೇನೆ: ಫೋಟೊದಲ್ಲಿ ಕಾಣುವುದು ಮೂಲೆಯ ಕಡೆ ಚೀಲ ಹಿಡಿದು ನಡೆಯುತ್ತಿರುವ ಒಬ್ಬ ಹೆಂಗಸು. ಚೀಲದಲ್ಲಿ ಇರುವುದು ಕಸವೋ, ಸಂತೆಯಿಂದ ತಂದ ಸೊಪ್ಪೋ? ಕಳುಹಿಸಿದವರು ಯಾರು? ಚರಂಡಿಯ ವಿಚಾರಕ್ಕೆ ಆಕೆಯೊಂದಿಗೆ ಮಾತು ಬಿಟ್ಟ ಪಕ್ಕದ ಮನೆಯವರೇ? ನಿಮ್ಮ ‘ಯಾರು ಕಳುಹಿಸಿದರೂ’ ಎಂಬ ಎರಡು ಪದ ಊರಿನ ಪ್ರತಿ ಗೋಡೆ ಜಗಳಕ್ಕೂ ಒಂದು ಕ್ಯಾಮೆರಾ ಕೊಡುತ್ತದೆ. ಔಷಧಿ ಅಂಗಡಿಯಲ್ಲಿ ಕುಳಿತವರು ನೀವು. ಯಾರಿಗೆ ಯಾರ ಮೇಲೆ ಎಷ್ಟು ಪಿತ್ತ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನೀವು ಮಾಡಬಹುದಾದದ್ದು ಇಷ್ಟು. ಫೋಟೊವನ್ನು ಸಾಕ್ಷ್ಯ ಎನ್ನಬೇಡಿ, ದೂರು ಎನ್ನಿ. ಪುರಸಭೆಯ ಒಂದು ಮೊಬೈಲ್ ಸಂಖ್ಯೆ ಗೊತ್ತು ಮಾಡಿ, ಅದು ಯಾವ ಸಿಬ್ಬಂದಿಯ ವಶದಲ್ಲಿದೆ ಎಂದು ದಾಖಲಿಸಿ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ; ತೆಗೆದ ಸಮಯ, ಜಾಗದ ವಿವರ ಕಳಚಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಿ. ದೂರು ಬಂದೊಡನೆ ಆರೋಗ್ಯ ನಿರೀಕ್ಷಕರು ಸ್ಥಳಕ್ಕೆ ಹೋಗಿ ಇಬ್ಬರು ಪಂಚರ ಮುಂದೆ ಮಹಜರು ಬರೆಯಲಿ. ಕಸದ ಚೀಲದಲ್ಲಿ ವಿದ್ಯುತ್ ಬಿಲ್ಲೋ, ಕೊರಿಯರ್ ಲಕೋಟೆಯೋ ಸಿಗುತ್ತದೆ. ಫೋಟೊಗಿಂತ ಅದು ಚೆನ್ನಾಗಿ ಮಾತಾಡುತ್ತದೆ. ಮಂಡ್ಯದವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ. ಕಾರ್ಖಾನೆಗೆ ಕಬ್ಬು ಹಾಕಿದವರು ಹಣ ಕೈಸೇರುವ ತನಕ ತೂಕದ ಚೀಟಿಯನ್ನು ಪಂಚಾಂಗದೊಳಗೆ ಇಟ್ಟು ಕಾಯುತ್ತಾರೆ. ನಿಮ್ಮ ತಂದೆಯವರೂ ಹಾಗೆ ಕಾದಿರಬಹುದು.

ಮೂರನೆಯ ಭರವಸೆಗೆ ಬಂದಾಗ ಪೆನ್ನು ಕೆಳಗಿಟ್ಟೆ. ಇದು ಸುಳ್ಳು ಎಂದು ಒಂದೇ ಏಟಿಗೆ ಹೊಡೆದುಹಾಕಲು ಮನಸ್ಸು ಬರಲಿಲ್ಲ, ಏಕೆಂದರೆ ಕೇಳುವವರ ಬೇಡಿಕೆ ನ್ಯಾಯದ್ದು. ಆದರೆ ಭರವಸೆ ಕೊಡಲು ನಿಮ್ಮ ಕೈಯಲ್ಲಿ ಇರಬೇಕಲ್ಲ. ಹುದ್ದೆ ಮಂಜೂರು ಮಾಡುವುದು ಸರ್ಕಾರ. ಯಾರನ್ನು, ಹೇಗೆ ನೇಮಿಸಬೇಕು ಎಂದು ಹೇಳುವುದು ವೃಂದ ಮತ್ತು ನೇಮಕಾತಿ ನಿಯಮ. ಸಭೆಯ ಕೈಗೆ ಬರುವುದು ಸಂಬಳದ ಪಟ್ಟಿ ಮಾತ್ರ.

ಈ ವಿಷಯದಲ್ಲಿ ಇಡೀ ದೇಶ ಉಲ್ಲೇಖಿಸುವ ತೀರ್ಪು ನಮ್ಮ ರಾಜ್ಯದಿಂದಲೇ ಹೋದದ್ದು: ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣ, 2006ರ ಏಪ್ರಿಲ್ 10. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರದು. ಬಾಗಿಲು ಎಲ್ಲರಿಗೂ ತೆರೆದಿಟ್ಟು, ಜಾಹೀರಾತು ಕೊಟ್ಟು, ಸ್ಪರ್ಧೆಯಿಂದ ಆಯ್ಕೆ ಮಾಡದೆ ಸೇರಿಸಿಕೊಂಡವರು ಎಷ್ಟು ವರ್ಷ ದುಡಿದರೂ ಅದರಿಂದಲೇ ಕಾಯಂ ಆಗುವ ಹಕ್ಕು ಹುಟ್ಟುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್. ಮಂಜೂರಾದ ಹುದ್ದೆಯಲ್ಲಿ, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ಮೀರಿ ದುಡಿದ, ನೇಮಕದ ಕ್ರಮದಲ್ಲಿ ಮಾತ್ರ ಲೋಪವಿದ್ದ ಅರ್ಹರಿಗೆ ಒಂದೇ ಒಂದು ಸಲ ದಾರಿ ಬಿಟ್ಟಿತು. ಆಮೇಲಿನ ಹದಿನೆಂಟು ವರ್ಷ ಅರ್ಜಿ ಹಿಡಿದು ಬಂದವರ ಮುಖಕ್ಕೆಲ್ಲ ಕಚೇರಿಗಳು ಉಮಾದೇವಿಯನ್ನು ತೋರಿಸಿದವು. ದಾರಿ ಬಿಟ್ಟ ಕಂಡಿಕೆಯನ್ನು ಮಾತ್ರ ಯಾರೂ ಓದಲಿಲ್ಲ. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಇದನ್ನು ಎತ್ತಿ ಆಡಿತು. ದಶಕಗಟ್ಟಲೆ ನಿತ್ಯದ ಕೆಲಸ ಮಾಡಿಸಿಕೊಂಡು ಆ ತೀರ್ಪನ್ನು ಗುರಾಣಿ ಮಾಡಿಕೊಳ್ಳುವುದು ಸಲ್ಲದು ಎಂಬುದು ಅದರ ತಿರುಳು. ಮರು ತಿಂಗಳು, 2025ರ ಜನವರಿ 31ರಂದು, ಗಾಜಿಯಾಬಾದ್ ನಗರ ನಿಗಮದ ತೋಟದ ಕೆಲಸಗಾರರನ್ನು ವಾಪಸು ತೆಗೆದುಕೊಂಡು, ಅರ್ಧ ಹಿಂಬಾಕಿ ಕೊಟ್ಟು, ಕಾಯಂ ಮಾಡುವ ಪ್ರಕ್ರಿಯೆ ನಡೆಸಿ ಎಂದಿತು. ಇದು ನಗರಾಡಳಿತದ್ದೇ ಪ್ರಕರಣ. ನಿಮ್ಮ ಊರಿನ ಕಾರ್ಮಿಕರ ವಕೀಲರಿಗೆ ತಿಳಿಸಿ.

ನಮ್ಮಲ್ಲಿ ದಾರಿ ತೆರೆದದ್ದು ಪೌರಕಾರ್ಮಿಕರಿಗೆ. 1970ರ ದಶಕದ ಸಾಲಪ್ಪ ಸಮಿತಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಇರಬೇಕೆಂದಿತ್ತು. 2017ರಲ್ಲಿ ಸರ್ಕಾರ ಗುತ್ತಿಗೆ ಪದ್ಧತಿ ಕೈಬಿಟ್ಟು ನೇರ ಪಾವತಿಗೆ ಬಂದಾಗ 700 ಜನಕ್ಕೆ ಒಬ್ಬರು ಎಂದು ಗೊತ್ತುಮಾಡಿತು. 35,000 ಜನರ ಊರಾದರೆ ಒಂದರ ಲೆಕ್ಕದಲ್ಲಿ 70, ಇನ್ನೊಂದರಲ್ಲಿ 50. ಆ ವ್ಯತ್ಯಾಸದ 20 ಕಾರ್ಮಿಕರ ಪಾಲಿನ ಕಸ ಬಳಿಯುವವರು ಉಳಿದ 50 ಮಂದಿಯೇ ಎಂಬುದನ್ನು ಯಾವ ಆದೇಶವೂ ಬರೆಯುವುದಿಲ್ಲ. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ಕೊಟ್ಟರು. ಅದು ಯಾವುದೋ ಒಂದು ಸಭೆಯ ಠರಾವಿನಿಂದ ಆಗಲಿಲ್ಲ. ವರ್ಷಗಟ್ಟಲೆ ಬೀದಿಯಲ್ಲಿ ಕುಳಿತು, ವಿಶೇಷ ನೇಮಕಾತಿ ನಿಯಮ ಮಾಡಿಸಿಕೊಂಡು ಆದದ್ದು. ವಾಹನ ಚಾಲಕರು, ಲೋಡರ್‌ಗಳು, ನೀರು ಬಿಡುವವರು ತಮಗೂ ಅದೇ ಬೇಕೆಂದು ಕೇಳುತ್ತಿದ್ದಾರೆ.

ಹಾಗಾಗಿ ‘ಎಲ್ಲರೂ ಕಾಯಂ’ ಎಂಬುದನ್ನು ತೆಗೆದು ‘ಹೊರಗುತ್ತಿಗೆ ಏಜೆನ್ಸಿಯ ಬಿಲ್ಲು ಪಾಸಾಗುವ ಮೊದಲು ಪ್ರತಿ ಕಾರ್ಮಿಕರ ಪಿ.ಎಫ್., ಇ.ಎಸ್.ಐ. ಜಮೆಯ ಪಟ್ಟಿ ಸಭೆಯ ಮುಂದೆ ಬರಬೇಕು’ ಎಂದು ಬರೆಯಿರಿ. ಇದು ನಿಮ್ಮ ಕೈಯಲ್ಲಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕ, ಅಂದರೆ ನಿಮ್ಮ ಪುರಸಭೆ, ತಾನೇ ಕೊಟ್ಟು ಅವನ ಬಿಲ್ಲಿನಲ್ಲಿ ಮುರಿದುಕೊಳ್ಳಬೇಕೆಂದು ಕಾರ್ಮಿಕ ಕಾನೂನು ಹೇಳುತ್ತದೆ. ಗೆದ್ದ ಮೇಲೆ ಹಾಗೆ ಎಷ್ಟು ಸಲ ಮುರಿದುಕೊಂಡಿದ್ದಾರೆ ಎಂದು ಒಮ್ಮೆ ಕೇಳಿ ನೋಡಿ.

ಕರಪತ್ರ ಅಚ್ಚಾದರೆ ಒಂದು ಪ್ರತಿ ಕಳುಹಿಸಿ.

ಪ್ರಶ್ನೆ: ಅಕ್ಕಾ, ನಮ್ಮ ಯಜಮಾನರು 14 ವರ್ಷದಿಂದ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದಾರೆ. ಎರಡು ಮೂರು ವರ್ಷಕ್ಕೊಮ್ಮೆ ಏಜೆನ್ಸಿ ಬದಲಾಗುತ್ತದೆ. ಪ್ರತಿ ಸಲವೂ ಇವರು ಹೊಸದಾಗಿ ಸೇರಿದವರು ಎಂದು ಬರೆದುಕೊಳ್ಳುತ್ತಾರೆ. ಮುಂದೆ ಕಾಯಂ ಮಾಡುವ ಕಾಲ ಬಂದರೆ 14 ವರ್ಷಕ್ಕೆ ಏನು ಸಾಕ್ಷಿ? — ಒಬ್ಬ ಗೃಹಿಣಿ, ಮಂಡ್ಯ

ಉತ್ತರ: ತಂಗಿ, ಏಜೆನ್ಸಿ ಬದಲಾದರೂ ಬದಲಾಗಬಾರದ ಒಂದು ಅಂಕಿ ಇದೆ: ಪಿ.ಎಫ್.ನ 12 ಅಂಕಿಯ ಯು.ಎ.ಎನ್. ಅದರ ಪಾಸ್‌ಬುಕ್ ತೆಗೆಸಿದರೆ ಯಾವ ಸಂಸ್ಥೆ ಯಾವ ತಿಂಗಳಿಂದ ಹಣ ಕಟ್ಟಿದೆ ಎಂಬುದು ಸಾಲಾಗಿ ಬರುತ್ತದೆ. ಪ್ರತಿ ಏಜೆನ್ಸಿಯೂ ಬೇರೆ ಬೇರೆ ಸಂಖ್ಯೆ ಮಾಡಿಸಿದ್ದರೆ ಎಲ್ಲವನ್ನೂ ಒಂದಕ್ಕೆ ಸೇರಿಸಲು ಈಗಲೇ ಅರ್ಜಿ ಕೊಡಿ. ಇ.ಎಸ್.ಐ. ಕಾರ್ಡು, ಹಳೆಯ ಬ್ಯಾಂಕ್ ಪಾಸ್‌ಬುಕ್ಕುಗಳು, ಯಾವುದನ್ನೂ ಎಸೆಯಬೇಡಿ.

ಆದರೆ ಒಂದು ಕಹಿ ಮಾತು. ಇವೆಲ್ಲ ತೋರಿಸುವುದು ಅವರು ಏಜೆನ್ಸಿಯ ಆಳು ಎಂದು. ಏಜೆನ್ಸಿ ಬರೀ ಹೆಸರಿಗೆ, ನಿಜವಾಗಿ ಕೆಲಸ ಮಾಡಿಸಿದ್ದು ಕಚೇರಿಯೇ ಎಂದು ಕಾರ್ಮಿಕ ನ್ಯಾಯಾಲಯಕ್ಕೆ ತೋರಿಸಬೇಕಾದರೆ ಬೇರೆ ಕಾಗದ ಬೇಕು. ಯಾವ ದಿನ ಯಾವ ಬೀದಿಗೆ ನೀರು ಎಂಬ ಪಾಳಿಪಟ್ಟಿಗೆ ಸಹಿ ಹಾಕಿದವರು ಯಾರು? ರಜೆ ಯಾರನ್ನು ಕೇಳುತ್ತಾರೆ? ಹಾಜರಿ ಪುಸ್ತಕ ಯಾರ ಮೇಜಿನಲ್ಲಿದೆ? ‘ನಾಳೆ ಬೆಳಿಗ್ಗೆ ಐದಕ್ಕೆ ಎರಡನೆಯ ಅಡ್ಡರಸ್ತೆಯ ವಾಲ್ವ್ ತೆರೆ’ ಎಂದು ಕಚೇರಿಯ ಎಂಜಿನಿಯರ್ ಗ್ರೂಪಿನಲ್ಲಿ ಹಾಕಿದ ಸಂದೇಶ ನಿಮ್ಮ ಯಜಮಾನರ ಹಳೆಯ ಮೊಬೈಲಿನಲ್ಲಿ ಇರಬಹುದು. ಪರದೆ ಒಡೆದಿದೆ ಎಂದು ಅದನ್ನು ಪಾತ್ರೆಯವನಿಗೆ ಹಾಕಬೇಡಿ. ಬಟ್ಟೆಯಲ್ಲಿ ಸುತ್ತಿ ಇಡಿ, ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಇನ್ನೊಂದು: ವಾಲ್ವ್ ತಿರುಗಿಸುವ ಆ ಉದ್ದನೆಯ ಕಬ್ಬಿಣದ ಕೀಲಿಯನ್ನು ಅವರ ಕೈಗೆ ಕೊಟ್ಟವರು ಯಾರು? ಕಚೇರಿಯ ದಾಸ್ತಾನು ಪುಸ್ತಕದಲ್ಲಿ ಅದರ ಎದುರು ಇವರ ಸಹಿ ಇದ್ದರೆ, ಆ ಪುಟಕ್ಕೆ ದೃಢೀಕೃತ ನಕಲು ಕೇಳಿ. ನಾನು ಲೆಕ್ಕದವಳು, ದಾಸ್ತಾನು ಪುಸ್ತಕವನ್ನು ಬಹಳ ನಂಬುತ್ತೇನೆ.

ಪ್ರಶ್ನೆ: ನಮ್ಮ ರಸ್ತೆಯ ಡಾಂಬರಿನ ದಪ್ಪ ಪರೀಕ್ಷಿಸಲು ಸಾಮಾನ್ಯ ನಾಗರಿಕನಿಗೆ ಹಕ್ಕಿದೆಯೇ, ಅಥವಾ ಅದು ಎಂಜಿನಿಯರುಗಳ ಕೆಲಸವೇ? — ನಿವೃತ್ತ ಶಿಕ್ಷಕ, ಮೈಸೂರು

ಉತ್ತರ: ಹಕ್ಕಿದೆ ಸಾರ್. 2005ರ ಮಾಹಿತಿ ಹಕ್ಕು ಎಂದರೆ ನಕಲು ಪಡೆಯುವುದು ಎಂದಷ್ಟೇ ಜನ ತಿಳಿದಿದ್ದಾರೆ. ಅದರ 2(ಜೆ) ಕಲಮು ಓದಿ. ಕಾಮಗಾರಿಯನ್ನು ಪರಿಶೀಲಿಸುವುದು, ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದು ಎರಡೂ ಅದರಲ್ಲಿವೆ. ನೀವೇ ಗುದ್ದಲಿ ತೆಗೆದುಕೊಂಡು ಹೋಗಬೇಡಿ. ಅರ್ಜಿ ಹಾಕಿ, ಅವರ ಸಮಕ್ಷಮದಲ್ಲಿ ತೆಗೆಸಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ. ಕನ್ನಡ ಮೇಷ್ಟರಾಗಿದ್ದವರಿಗೆ 150 ಪದ ಕಷ್ಟವೇ. ಪೀಠಿಕೆ ಬಿಡಿ.

ಪ್ರಶ್ನೆ: ಮೈಸೂರಿನಲ್ಲಿ ವಾಚನಾಲಯದಲ್ಲಿ ಕುಳಿತು ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಎಲ್ಲ ಕಡೆ ಹೊರಗುತ್ತಿಗೆಯೇ ಆದರೆ ನಾವು ಓದುವುದು ಯಾವ ಹುದ್ದೆಗೆ? — ಒಬ್ಬ ಅಭ್ಯರ್ಥಿ

ಉತ್ತರ: ಈ ಪ್ರಶ್ನೆಯೂ ಮೇಲಿನ ಗೃಹಿಣಿಯ ಪ್ರಶ್ನೆಯೂ ಒಂದೇ ಕಾಗದದ ಎರಡು ಮಗ್ಗುಲು. ಅವರ ಯಜಮಾನರನ್ನು ಹಾಗೆಯೇ ಕಾಯಂ ಮಾಡಿದರೆ ನಿಮಗೆ ಬಾಗಿಲು ಮುಚ್ಚಿತು ಎನಿಸುತ್ತದೆ. ನಿಮಗೆ ಪರೀಕ್ಷೆ ನಡೆಸಿದರೆ ಅವರ 14 ವರ್ಷ ನೀರಿಗೆ ಹೋಯಿತು. ಇದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಹುದ್ದೆ ಖಾಲಿ ಬಿದ್ದಾಗಲೇ ತುಂಬಿದ್ದರೆ ಇಬ್ಬರೂ ಎದುರುಬದುರಾಗುತ್ತಿರಲಿಲ್ಲ ಎಂದು ಮಾತ್ರ ಬಲ್ಲೆ. ಸರ್ಕಾರಿ ನೌಕರಿ ಯಾರಿಗೆ ಸಿಗಬೇಕೆಂಬ ಜಗಳಕ್ಕೆ ನಮ್ಮ ಊರಿನಲ್ಲಿ ನೂರು ವರ್ಷ ಮೀರಿದೆ. ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದು ಅದಕ್ಕೇ. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಿರಲಿಲ್ಲ. ಪರೀಕ್ಷೆಗೆ ಬರಬಹುದು, ಇಸವಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮೈಸೂರು ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗಿಯಿತಲ್ಲ. ಸದಸ್ಯರಿಲ್ಲದಾಗ ನಿರ್ಣಯ ಮಾಡುವವರು ಯಾರು? ಅದನ್ನು ನೋಡುವುದು ಹೇಗೆ? — ವಿದ್ಯಾರಣ್ಯಪುರಂ ಓದುಗರು

ಉತ್ತರ: ಚುನಾಯಿತ ಸಭೆ ಇಲ್ಲದಿದ್ದಾಗ ಅದರ ಅಧಿಕಾರ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯದು. ಚರ್ಚೆ ಇರುವುದಿಲ್ಲ, ಗಲಾಟೆ ಇರುವುದಿಲ್ಲ. ನಿರ್ಣಯ ಮಾತ್ರ ಇರುತ್ತದೆ. ನಡವಳಿ ಪುಸ್ತಕ ಆಗಲೂ ಬರೆಯಲೇಬೇಕು. ಅದು ಸಾರ್ವಜನಿಕ ದಾಖಲೆ. ಬೇಕಾದ ನಿರ್ಣಯದ ಸಂಖ್ಯೆ, ದಿನಾಂಕ ಬರೆದು ದೃಢೀಕೃತ ನಕಲು ಕೇಳಿ. ಸಂಖ್ಯೆ ಗೊತ್ತಿಲ್ಲದಿದ್ದರೆ ತಿಂಗಳು ಹೇಳಿ ಪುಸ್ತಕ ನೋಡಲು ಅವಕಾಶ ಕೇಳಿ. ಮಧ್ಯಾಹ್ನ ಮೂರರ ಮೇಲೆ ಹೋಗಿ, ಊಟ ಮುಗಿದಿರುತ್ತದೆ. ನಕಲಿನ ಶುಲ್ಕಕ್ಕೆ ರಸೀದಿ ಪಡೆಯಿರಿ. ಚಿಲ್ಲರೆ ಇಲ್ಲ ಎಂದರೆ ಬೆಂಚಿನ ಮೇಲೆ ಕುಳಿತುಕೊಳ್ಳಿ, ಚಿಲ್ಲರೆ ಬರುತ್ತದೆ.